ತಟ್ಟೆಯಲ್ಲಿ ಏಳದ ಬ್ಯಾಕ್ಟೀರಿಯಾ

ಶಾಂತಿಗ್ರಾಮದ ಕಡೆಯ ಯಾವುದೇ ಊರಿನಲ್ಲಿ ನೀರುಗಂಟಿ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾನೆ, ನಲ್ಲಿ ನೀರು ಪರೀಕ್ಷೆಗೆ ಹೋಗಿದೆ ಎನ್ನಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವಂತೆ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ. ಕೊಲೈ ಬ್ಯಾಕ್ಟೀರಿಯಾ ಸಿಗಬಾರದು. ವರದಿಯಲ್ಲಿ ಸೊನ್ನೆ ಬಂದರೆ ಎಲ್ಲರಿಗೂ ಸಮಾಧಾನ. ಆದರೆ ಬ್ಯಾಕ್ಟೀರಿಯಾ ಇಲ್ಲದಿದ್ದರೂ ಸೊನ್ನೆ, ಇದ್ದೂ ಲ್ಯಾಬಿನ ತಟ್ಟೆಯಲ್ಲಿ ಬೆಳೆಯದಿದ್ದರೂ ಸೊನ್ನೆಯೇ.

ಕ್ಲೋರಿನ್ನಿನ ಏಟಿಗೆ ಎಲ್ಲ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕೆಲವು ಹೊರಪೊರೆ ಹರಿದು, ಕಿಣ್ವಗಳು ಕೆಟ್ಟು ಅರೆಜೀವವಾಗಿ ಉಳಿಯುತ್ತವೆ. ಇ. ಕೊಲೈ ಮತ್ತು ಕಾಲರಾ ಬ್ಯಾಕ್ಟೀರಿಯಾಗಳು ಬದುಕಿದ್ದೂ ತಟ್ಟೆಯಲ್ಲಿ ಬೆಳೆಯದ ಸ್ಥಿತಿಗೆ ಹೋಗುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಅವರ ತಂಡ 1982ರಲ್ಲೇ ತೋರಿಸಿತ್ತು.

ಕ್ಲೋರಿನ್ನಿನಿಂದ ಹೀಗೆ ಅರೆಜೀವವಾದವನ್ನು ಹಿಡಿಯುವ ಕೆಲಸ ನಲ್ಲಿಯ ಬುಡದಲ್ಲೇ ಶುರುವಾಗುತ್ತದೆ. ಮಾದರಿ ಬಾಟಲಿಯಲ್ಲಿ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಇರಬೇಕು. ನೀರು ಬಿದ್ದ ತಕ್ಷಣ ಅದು ಕ್ಲೋರಿನ್ನನ್ನು ನಿಷ್ಕ್ರಿಯ ಮಾಡುತ್ತದೆ. ಇಲ್ಲದಿದ್ದರೆ ಲ್ಯಾಬ್ ಮುಟ್ಟುವವರೆಗೂ ಬಾಟಲಿಯೊಳಗೆ ಕ್ಲೋರಿನ್ ಕೊಲ್ಲುತ್ತಲೇ ಇರುತ್ತದೆ. ಬಾಟಲಿಯನ್ನು ಐಸ್ ಬಾಕ್ಸಿನಲ್ಲಿಟ್ಟು ಬೇಗ ತಲುಪಿಸಬೇಕು.

ಲ್ಯಾಬಿನಲ್ಲಿ ಇನ್ನೊಂದು ತೊಡಕು. ಬೇಡದ ಬ್ಯಾಕ್ಟೀರಿಯಾಗಳನ್ನು ದೂರವಿಡಲೆಂದು ಇ. ಕೊಲೈ ಹುಡುಕುವಾಗ ಅವನ್ನು ಬೆಳೆಸುವ ಮೆಕಾಂಕಿ ಅಗರ್‌ನಂಥ ಮಾಧ್ಯಮದಲ್ಲಿ ಪಿತ್ತಲವಣ ಇರುತ್ತದೆ. ಆರೋಗ್ಯವಂತ ಇ. ಕೊಲೈ ಅದನ್ನು ತಡೆದುಕೊಳ್ಳುತ್ತದೆ. ಪೊರೆ ಹರಿದದ್ದು ಸಾಯುತ್ತದೆ. ಜ್ವರ ಬಿಟ್ಟು ಎದ್ದವರಿಗೆ ಯಾರೂ ಹೋಳಿಗೆ ಊಟ ಬಡಿಸುವುದಿಲ್ಲ, ಮೊದಲು ಗಂಜಿ. ಹಾಗೆಯೇ ನೀರು ಸೋಸಿದ ಫಿಲ್ಟರ್ ಪೊರೆಯನ್ನು ಮೊದಲು ಪಿತ್ತಲವಣವಿಲ್ಲದ ಮಾಧ್ಯಮದ ಮೇಲೆ ಕೆಲವು ಗಂಟೆ ಇಟ್ಟು, ಬ್ಯಾಕ್ಟೀರಿಯಾ ಚೇತರಿಸಿಕೊಂಡ ಮೇಲೆ ಕಠಿಣ ಮಾಧ್ಯಮಕ್ಕೆ ಬದಲಾಯಿಸುತ್ತಾರೆ. ದಣಿದ ಜೀವಕೋಶ ಒಮ್ಮೆಲೇ ಉಣ್ಣತೊಡಗಿದರೆ ಅದರೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದನ್ನು ಒಡೆಯುವ ಕೆಟಲೇಸ್ ಕಿಣ್ವ ಆಗಲೇ ಸೋತಿರುತ್ತದೆ. ಆದ್ದರಿಂದ ಮಾಧ್ಯಮಕ್ಕೆ ಸೋಡಿಯಂ ಪೈರುವೇಟ್ ಬೆರೆಸುವುದುಂಟು. ಅದು ಪೆರಾಕ್ಸೈಡನ್ನು ನೇರವಾಗಿ ನಾಶಮಾಡುತ್ತದೆ.

ಶುದ್ಧೀಕರಿಸಿದ ನೀರಿನಲ್ಲಿರುವ ಒಟ್ಟು ಬ್ಯಾಕ್ಟೀರಿಯಾ ಎಣಿಸಲು ರೀಸನರ್ ಮತ್ತು ಗೆಲ್ಡ್ರೈಕ್ 1985ರಲ್ಲಿ ಆರ್2ಎ ಎಂಬ ಮಾಧ್ಯಮ ಕೊಟ್ಟರು. ಪೈರುವೇಟ್ ಸೇರಿದ, ಪೌಷ್ಟಿಕಾಂಶ ಕಡಿಮೆಯಿರುವ ಇದರಲ್ಲಿ 20ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ 5ರಿಂದ 7 ದಿನ ಕಾದರೆ, 35 ಡಿಗ್ರಿಯಲ್ಲಿ 2 ದಿನಕ್ಕೆ ಕಾಣದ ಎಷ್ಟೋ ಕಾಲೊನಿಗಳು ಏಳುತ್ತವೆ.

ಹಾಗೆಂದು ಕ್ಲೋರಿನ್ ಹಾಕುವುದನ್ನು ಬಿಡಬೇಕಿಲ್ಲ. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕು. ನಿಮ್ಮೂರ ನೀರಿನ ವರದಿಯಲ್ಲಿ ಸೊನ್ನೆ ಕಂಡಾಗ ಎರಡು ಪ್ರಶ್ನೆ ಕೇಳಿ: ಮಾದರಿ ಹಿಡಿದಾಗ ಕ್ಲೋರಿನ್ ಎಷ್ಟಿತ್ತು? ಬಾಟಲಿಯಲ್ಲಿ ಥಯೋಸಲ್ಫೇಟ್ ಇತ್ತೇ?