ಯುರೇನಸ್ ಗ್ರಹ ವೀಕ್ಷಣೆ: ಆದಿಚುಂಚನಗಿರಿ ಪರಿಸರದಲ್ಲಿ ಆಕಾಶ ವೀಕ್ಷಿಸುವ ಸಾರ್ವಜನಿಕರಿಗೆ ಮಾಹಿತಿ

ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಸುತ್ತಲಿನ ಗ್ರಾಮೀಣ ಪ್ರದೇಶದಲ್ಲಿ ನಗರಗಳಿಗಿಂತ ಹೆಚ್ಚು ನಕ್ಷತ್ರಗಳನ್ನು ಕಾಣಬಹುದಾಗಿದೆ. ಇಂತಹ ಆಕಾಶದಲ್ಲಿ ಬಲು ಮಸುಕಾದ ಯುರೇನಸ್ ಗ್ರಹವನ್ನು ಗುರುತಿಸುವ ವಿಧಾನ ಹಾಗೂ ಪಾಲಿಸಬೇಕಾದ ನಿಯಮಗಳನ್ನು ಇಲ್ಲಿ ನೀಡಲಾಗಿದೆ.

ಗ್ರಹದ ಪರಿಚಯ

ಯುರೇನಸ್ ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 84 ವರ್ಷ ತೆಗೆದುಕೊಳ್ಳುತ್ತದೆ. ಇದರ ಕಾಂತಿಮಾನ ಸುಮಾರು 5.6. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ಕಾಯವು ಮಸುಕಾಗಿರುತ್ತದೆ. ಬರಿಗಣ್ಣಿನ ಮಿತಿ ಸುಮಾರು 6. ಆದುದರಿಂದ ದಟ್ಟ ಕತ್ತಲೆಯಲ್ಲಿ ಮಾತ್ರ ಇದು ಬರಿಗಣ್ಣಿಗೆ ಅಂಚಿನಲ್ಲಿ ಗೋಚರಿಸುತ್ತದೆ. 1690ರಲ್ಲಿ ಜಾನ್ ಫ್ಲ್ಯಾಮ್‌ಸ್ಟೀಡ್ ಇದನ್ನು ಕಂಡಿದ್ದರೂ ನಕ್ಷತ್ರವೆಂದೇ ದಾಖಲಿಸಿದ್ದರು. 1781ರ ಮಾರ್ಚ್ 13ರಂದು ವಿಲಿಯಂ ಹರ್ಷೆಲ್ ಇದನ್ನು ಕಂಡ ನಂತರವೇ ಇದು ಗ್ರಹವೆಂಬುದು ತಿಳಿದುಬಂದಿತು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 1977ರ ಮಾರ್ಚ್ 10ರಂದು ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರು ಯುರೇನಸ್ ಸಮೀಪದ ನಕ್ಷತ್ರವೊಂದರ ಬೆಳಕು ಕೆಲವೇ ಸೆಕೆಂಡುಗಳ ಕಾಲ ಕುಂದಿದ್ದನ್ನು ದಾಖಲಿಸಿದರು. ಮೊದಲು ಇದನ್ನು ಉಪಗ್ರಹವೊಂದರ ಪರಿಣಾಮವೆಂದು ಭಾವಿಸಲಾಯಿತು. ಅದೇ ದಿನ ಇತರೆಡೆಗಳಲ್ಲಿ ನಡೆದ ವೀಕ್ಷಣೆಗಳೊಂದಿಗೆ ಹೋಲಿಸಿದಾಗ ಯುರೇನಸ್‌ಗೆ ಉಂಗುರಗಳಿರುವುದು ಸ್ಪಷ್ಟವಾಯಿತು.

ಸೂಕ್ತ ಕಾಲ

2026 ಮತ್ತು 2027ರಲ್ಲಿ ಗ್ರಹವು ವೃಷಭ ರಾಶಿಯ ನಕ್ಷತ್ರಪುಂಜದಲ್ಲಿ, ಕೃತ್ತಿಕೆ ಮತ್ತು ರೋಹಿಣಿ ನಕ್ಷತ್ರಗಳ ಆಸುಪಾಸಿನಲ್ಲಿರುತ್ತದೆ. ನವೆಂಬರ್ ಕೊನೆಯ ವೇಳೆಗೆ ನಡುರಾತ್ರಿಯಲ್ಲಿಯೂ, ಜನವರಿ ಮಧ್ಯಭಾಗದಲ್ಲಿ ರಾತ್ರಿ 8ರಿಂದ 9 ಗಂಟೆಯ ವೇಳೆಗೂ ಇದು ಬಹುತೇಕ ನೆತ್ತಿಯ ಮೇಲಿರುತ್ತದೆ. ನವೆಂಬರ್‌ನಲ್ಲಿ ಹಿಂಗಾರಿನ ಮೋಡಗಳು ಅಡ್ಡಿಯಾಗಬಹುದು. ಚಂದ್ರನ ಬೆಳಕಿಲ್ಲದ, ಅಮಾವಾಸ್ಯೆಯ ಹಿಂದು-ಮುಂದಿನ ಐದಾರು ದಿನಗಳು ಸೂಕ್ತ. ಅಮಾವಾಸ್ಯೆಯಂದು ಶ್ರೀಕ್ಷೇತ್ರಕ್ಕೆ ಬರುವ ಭಕ್ತಾದಿಗಳ ವಾಹನಗಳ ಬೆಳಕು ಹೆಚ್ಚಿರುವುದರಿಂದ ಬೇರೆ ದಿನವನ್ನು ಆಯ್ದುಕೊಳ್ಳುವುದು ಒಳಿತು.

ಗುರುತಿಸುವ ವಿಧಾನ

1. ದೀಪಗಳಿಂದ ದೂರವಿದ್ದು, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಕಾಯತಕ್ಕದ್ದು. ಮೊಬೈಲ್ ಪರದೆಯನ್ನು ನೋಡಬಾರದು. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಬಳಸಬೇಕು.

2. ಗ್ರಹವು ನೆತ್ತಿಯ ಮೇಲಿರುವುದರಿಂದ ಚಾಪೆಯ ಮೇಲೆ ಮಲಗಿ ನೋಡುವುದು ಅನುಕೂಲಕರ.

3. ಪುಟ್ಟ ಗೊಂಚಲಿನಂತಿರುವ ಕೃತ್ತಿಕೆಯನ್ನೂ ಕೆಂಬಣ್ಣದ ರೋಹಿಣಿಯನ್ನೂ ಮೊದಲು ಗುರುತಿಸಬೇಕು. ಬಳಿಕ ಆ ದಿನದ ನಕ್ಷತ್ರಪಟದ ನೆರವಿನಿಂದ 7×50 ಅಥವಾ 10×50 ಬೈನಾಕ್ಯುಲರ್‌ನಲ್ಲಿ ಗ್ರಹವಿರುವ ಸ್ಥಾನವನ್ನು ಹುಡುಕಬೇಕು.

4. ಬೈನಾಕ್ಯುಲರ್‌ನಲ್ಲಿ ಗ್ರಹವೂ ನಕ್ಷತ್ರದಂತೆಯೇ ಚುಕ್ಕೆಯಾಗಿ ಕಾಣುತ್ತದೆ. ಆದುದರಿಂದ ಸುತ್ತಲಿನ ಚುಕ್ಕೆಗಳ ಚಿತ್ರವನ್ನು ಕಾಗದದ ಮೇಲೆ ಬರೆದು, ದಿನಾಂಕ ಮತ್ತು ವೇಳೆಯನ್ನು ನಮೂದಿಸಬೇಕು.

5. ಒಂದು ವಾರದ ನಂತರ ಮತ್ತೆ ನೋಡಿ ಹೋಲಿಸಬೇಕು. ನವೆಂಬರ್ ಕೊನೆಯಲ್ಲಿ ಗ್ರಹವು ಒಂದು ವಾರದಲ್ಲಿ ಹುಣ್ಣಿಮೆ ಚಂದ್ರನ ಅಗಲದ ಅರ್ಧದಷ್ಟು ದೂರ ಸರಿಯುತ್ತದೆ. ಸ್ಥಳ ಬದಲಿಸಿದ ಚುಕ್ಕೆಯೇ ಯುರೇನಸ್. ಫೆಬ್ರವರಿ ಆರಂಭದಲ್ಲಿ ಚಲನೆ ಅತ್ಯಲ್ಪವಾಗಿರುವುದರಿಂದ ಈ ಪರೀಕ್ಷೆ ಫಲಿಸದು.

6. ದೂರದರ್ಶಕದಲ್ಲಿ 100 ಪಟ್ಟು ಅಥವಾ ಹೆಚ್ಚು ವರ್ಧಿಸಿದಲ್ಲಿ ಹಸಿರು-ನೀಲಿ ಛಾಯೆಯ ಪುಟ್ಟ ಬಿಲ್ಲೆ ಕಾಣುವುದು. ಇದರ ಉಂಗುರಗಳು ಹವ್ಯಾಸಿ ದೂರದರ್ಶಕಗಳಿಗೆ ಗೋಚರಿಸುವುದಿಲ್ಲ.

ಅನುಮತಿ ಹಾಗೂ ಸೂಚನೆಗಳು

ಆದಿಚುಂಚನಗಿರಿಯಲ್ಲಿ ನವಿಲುಗಳ ಅಭಯಾರಣ್ಯವಿದೆ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ಪ್ರವೇಶ ಅಗತ್ಯವಿರುವ ಶಾಲೆ ಅಥವಾ ಸಂಘಗಳು ಉದ್ದೇಶ, ದಿನಾಂಕ, ವೇಳೆ ಮತ್ತು ಭಾಗವಹಿಸುವವರ ಸಂಖ್ಯೆಯನ್ನು ನಮೂದಿಸಿ ಅರಣ್ಯ ಇಲಾಖೆಗೆ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ನವಿಲುಗಳು ರಾತ್ರಿ ಮರಗಳ ಮೇಲೆ ತಂಗುವುದರಿಂದ ಸಮೀಪದಲ್ಲಿ ಪ್ರಖರ ಬೆಳಕು ಬಿಡುವುದಾಗಲಿ, ಗದ್ದಲ ಮಾಡುವುದಾಗಲಿ ಸಲ್ಲದು.

ಗ್ರಹ ವೀಕ್ಷಣೆಗೆ ಅಭಯಾರಣ್ಯದೊಳಗೇ ಹೋಗಬೇಕಾದ ಅಗತ್ಯವಿಲ್ಲ. ಊರಿನ ದೀಪಗಳಿಂದ ದೂರವಿರುವ ಹೊಲವೂ ಸಾಕಾಗುತ್ತದೆ. ಖಾಸಗಿ ಜಮೀನಾದಲ್ಲಿ ಮಾಲೀಕರ ಒಪ್ಪಿಗೆ ಪಡೆಯಬೇಕು. ಮಕ್ಕಳೊಂದಿಗೆ ಹಿರಿಯರು ಇರಬೇಕು. ಹಾವು-ಚೇಳುಗಳ ಬಗ್ಗೆ ಎಚ್ಚರ ವಹಿಸಿ, ಸ್ಥಳವನ್ನು ಹಗಲಿನಲ್ಲಿಯೇ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.