ಹಳೆಯ ಎಂಜಿನ್ನಿನ ಉಸಿರು

ಮನುಷ್ಯ ಅನ್ನವಿಲ್ಲದೆ ಕೆಲವು ದಿನ ಬದುಕಿಯಾನು. ಗಾಳಿಯಿಲ್ಲದೆ ಕೆಲವು ನಿಮಿಷ ಬದುಕುವುದೂ ಕಷ್ಟ. ಮೋಟಾರು ವಾಹನದ ಎಂಜಿನ್ನಿನ ಬಾಳೂ ಹೆಚ್ಚುಕಡಿಮೆ ಇದೇ ಬಗೆಯದು. ಅದು ಪೆಟ್ರೋಲ್ ಕುಡಿಯುತ್ತದೆ ಎಂದು ನಾವು ಸದಾ ಗೊಣಗುತ್ತೇವೆ. ಹಣ ತೆರುವುದು ಪೆಟ್ರೋಲಿಗೆ ತಾನೆ! ಆದರೆ ತೂಗಿ ನೋಡಿದರೆ ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ನಿನ ನಿಜವಾದ ಆಹಾರ ಗಾಳಿಯೇ. ಆ ಗಾಳಿಗೆ ಹದವರಿತು ಪೆಟ್ರೋಲ್ ಬೆರೆಸುವ ಕೆಲಸ ಬಹುಕಾಲ ಕಾರ್ಬ್ಯುರೇಟರಿನದಾಗಿತ್ತು. ಅಂಬಾಸಡರ್ ಕಾರನ್ನು ಚಳಿಯ ಮುಂಜಾನೆ ಚೋಕ್ ಎಳೆದು ಚಾಲೂ ಮಾಡಿದವರಿಗೆ ಅದರ ಪರಿಚಯ ಇದ್ದೇ ಇದೆ.

ಕಾರ್ಬ್ಯುರೇಟರಿನ ತತ್ವ ಬಹಳ ಸರಳವಾದದ್ದು. ಅಗಲವಾದ ಬಯಲಿನಿಂದ ಬಂದ ಗಾಳಿ ಇಕ್ಕಟ್ಟಾದ ಓಣಿಯಲ್ಲಿ ಬಿರುಸಾಗಿ ಬೀಸುವುದನ್ನು ನಾವೆಲ್ಲ ಬಲ್ಲೆವು. ಹಾಗೆ ವೇಗ ಹೆಚ್ಚಿದ ಕಡೆಯಲ್ಲಿ ಒತ್ತಡ ತಗ್ಗುತ್ತದೆ. ಇಟಲಿಯ ವೆಂಟೂರಿ ಎಂಬ ವಿಜ್ಞಾನಿ 1797ರಲ್ಲಿ ಇದರ ಬಗ್ಗೆ ಬರೆದ. ಕಾರ್ಬ್ಯುರೇಟರಿನ ಸಪೂರವಾದ ಕಂಠಕ್ಕೆ ಇಂದಿಗೂ ಅವನದೇ ಹೆಸರು. ಪಿಸ್ಟನ್ ಕೆಳಗಿಳಿದು ಗಾಳಿಯನ್ನು ಎಳೆದಾಗ ಆ ಕಂಠದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಪಕ್ಕದ ಪುಟ್ಟ ತೊಟ್ಟಿಯಲ್ಲಿರುವ ಪೆಟ್ರೋಲ್ ಸೂಕ್ಷ್ಮ ರಂಧ್ರದ ಮೂಲಕ ಮೇಲೆದ್ದು ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಅಂದರೆ ಗಾಳಿಯ ವೇಗವೇ ಇಲ್ಲಿ ಅಪ್ಪಣೆ. ಅಪ್ಪಣೆ ಸ್ಪಷ್ಟವಾಗಿದ್ದರೆ ಪೆಟ್ರೋಲ್ ಹದವಾಗಿ ಬರುತ್ತದೆ. ಅದು ಕ್ಷೀಣವಾದರೆ ಹದ ತಪ್ಪುತ್ತದೆ. ನಾನು ಮುಂದೆ ಹೇಳುವುದಕ್ಕೆಲ್ಲ ಈ ಒಂದು ಮಾತೇ ಬುನಾದಿ.

ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂಬ ವಾಹನಕ್ಕೆ ನಮ್ಮ ಹಳ್ಳಿಗಳ ಎತ್ತಿನ ಗಾಡಿಗಿದ್ದ ಸ್ಥಾನವಿದೆ. ಮುಂದೆ ಇಬ್ಬರು ಮೂವರು ಕೂರುವ ಜಾಗ, ಹಿಂದೆ ತೆರೆದ ತೊಟ್ಟಿ. ಹುಲ್ಲಿನ ಪೆಂಡಿ, ಸೌದೆ, ಮರದ ಹಲಗೆ, ಎಲ್ಲವೂ ಅದರಲ್ಲೇ. ಇಂಥ ಟ್ರಕ್ಕುಗಳಿಗೆ ಫೋರ್ಡ್ ಸಂಸ್ಥೆ 1965ರಿಂದ 1996ರವರೆಗೆ ಬಳಸಿದ ಎಂಜಿನ್ನೊಂದಿದೆ. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ. ಒಟ್ಟು ಗಾತ್ರ 300 ಘನ ಇಂಚು, ಎಂದರೆ 4.9 ಲೀಟರ್. ಓಟಕ್ಕಿಂತ ಎಳೆತಕ್ಕೆ ಹೆಸರಾದದ್ದು. 1987ರಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಇದಕ್ಕೆ ಬಂತು. ಅದಕ್ಕೂ ಹಿಂದಿನ ಟ್ರಕ್ಕುಗಳಲ್ಲಿ ಆರೂ ಸಿಲಿಂಡರುಗಳಿಗೆ ಒಂದೇ ಕಂಠದ ಒಂದು ಕಾರ್ಬ್ಯುರೇಟರ್.

ಕೊರತೆ ಇರುವುದು ಇಲ್ಲಿಯೇ. ಉದ್ದನೆಯ ಪಂಕ್ತಿಯ ನಡುವೆ ನಿಂತು ಒಬ್ಬನೇ ಬಡಿಸಿದರೆ ಏನಾಗುತ್ತದೆ? ಹತ್ತಿರದ ಎಲೆಗಳಿಗೆ ಧಾರಾಳ, ಎರಡೂ ತುದಿಯ ಎಲೆಗಳಿಗೆ ಕೈತಡೆ. ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕವಲು ಕೊಳವೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎಂದು ಹೆಸರು. ಅದರ ನಡುವೆ ಕುಳಿತ ಕಾರ್ಬ್ಯುರೇಟರಿನಿಂದ ನಡುವಣ ಸಿಲಿಂಡರುಗಳಿಗೆ ಪೆಟ್ರೋಲ್ ಹೆಚ್ಚಾಗಿ, ತುದಿಯವಕ್ಕೆ ಕಡಿಮೆಯಾಗಿ ಹೋಗುತ್ತದೆ. ಹೆಚ್ಚಾದರೆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಸವೆತ ತರುತ್ತದೆ. ಕಡಿಮೆಯಾದರೆ ಉರಿ ಅತಿಯಾಗಿ ಕವಾಟಗಳು ಸುಡುತ್ತವೆ.

ಈ ಕೊರತೆಯನ್ನು ನೀಗಿಸಲು ಅಲ್ಲಿಯ ಜನ ಸ್ವತಃ ಸ್ಪ್ಯಾನರ್ ಹಿಡಿಯುತ್ತಾರೆ. ನಾನು ಕೆಲಕಾಲ ಅಲ್ಲಿದ್ದಾಗ ನೆರೆಯಲ್ಲಿದ್ದ ಒಬ್ಬ ವೃದ್ಧ ಬಡಗಿ ತನ್ನ ತಂದೆಯ ಕಾಲದ ಇಂಥದೊಂದು ಟ್ರಕ್ಕನ್ನು ಇಟ್ಟುಕೊಂಡಿದ್ದ. ಅದಕ್ಕೆ ಶಕ್ತಿ ಬರಲೆಂದು ನಿಮಿಷಕ್ಕೆ 600 ಘನ ಅಡಿ ಗಾಳಿ ಬಿಡುವ ನಾಲ್ಕು ಕಂಠದ ಕಾರ್ಬ್ಯುರೇಟರ್ ತಂದು ಕೂರಿಸಿದ. ಒಂದು ಸಂಜೆ ಹಲಗೆ ಹೇರಿಕೊಂಡು ಹೆದ್ದಾರಿಯನ್ನು ದಾಟಲು ಹೋದಾಗ, ಆಕ್ಸಿಲರೇಟರ್ ತುಳಿದ ಕ್ಷಣವೇ ಎಂಜಿನ್ ಬಿಕ್ಕಳಿಸಿ ನಡುರಸ್ತೆಯಲ್ಲಿ ನಿಂತಿತು. ಎದುರಿನಿಂದ ಬರುತ್ತಿದ್ದ ಲಾರಿಯ ಚಾಲಕ ಜಾಣ, ಮುದುಕ ಬದುಕಿದ. ಶಕ್ತಿಗಾಗಿ ಹಾಕಿದ ಸಾಮಗ್ರಿ ಶಕ್ತಿಯನ್ನು ಕಸಿದುಕೊಂಡದ್ದು ಹೇಗೆ?

ಲೆಕ್ಕ ಹಾಕಿ ನೋಡೋಣ. ಈ ಜಾತಿಯ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಉಸಿರು ಎಳೆಯುತ್ತದೆ. ನಿಮಿಷಕ್ಕೆ 4000 ಸುತ್ತು ತಿರುಗಿದರೆ 2000 ಉಸಿರು. ಪ್ರತಿ ಉಸಿರಿಗೆ ಒಟ್ಟು 300 ಘನ ಇಂಚು. ಎಂದರೆ ನಿಮಿಷಕ್ಕೆ ಸುಮಾರು 347 ಘನ ಅಡಿ. ಸಿಲಿಂಡರುಗಳು ಎಂದೂ ಪೂರ್ತಿ ತುಂಬುವುದಿಲ್ಲ. ನೂರಕ್ಕೆ ಎಂಬತ್ತು ಪಾಲು ತುಂಬುತ್ತವೆಂದು ಹಿಡಿದರೆ ಉಳಿಯುವುದು 278 ಘನ ಅಡಿ. ಇದು ಎಂಜಿನ್ ಭರದಿಂದ ಓಡುವಾಗಿನ ಮಾತು. ಇಷ್ಟು ಮಾತ್ರ ಉಸಿರಾಡಬಲ್ಲ ಎದೆಗೆ 600 ಘನ ಅಡಿಯ ಮೂಗು ಕಟ್ಟಿದರೆ, ನಿಧಾನಗತಿಯಲ್ಲಿ ಆ ಅಗಲವಾದ ಕಂಠಗಳಲ್ಲಿ ಗಾಳಿಯ ವೇಗ ಕುಂದುತ್ತದೆ. ವೇಗ ಕುಂದಿದರೆ ಅಪ್ಪಣೆ ಕ್ಷೀಣ. ಪೆಟ್ರೋಲ್ ತುಂತುರಾಗದೆ ಹನಿಹನಿಯಾಗಿ ಕೊಳವೆಯ ತಳದಲ್ಲಿ ನಿಲ್ಲುತ್ತದೆ. ಪಾದ ಒತ್ತಿದಾಗ ಗಾಳಿ ಥಟ್ಟನೆ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಬಿಕ್ಕಳಿಕೆಯ ಮೂಲ ಇದೇ.

ಈ ಎಂಜಿನ್ನಿಗೆ ಅನುಭವಿಗಳು ಒಪ್ಪಿದ ಮದ್ದು ಹಾಲಿ ಸಂಸ್ಥೆಯ 390 ಘನ ಅಡಿಯ ನಾಲ್ಕು ಕಂಠದ ಕಾರ್ಬ್ಯುರೇಟರ್. ನಿತ್ಯದ ಓಟಕ್ಕೆ ಅದರ ಎರಡು ಕಂಠಗಳು ಸಾಕು. ಉಳಿದೆರಡು ಎಂಜಿನ್ ನಿಜವಾಗಿ ಬೇಡಿದಾಗ ಮಾತ್ರ, ಗಾಳಿಯ ಸೆಳೆತದಿಂದಲೇ ಮೆಲ್ಲಗೆ ತೆರೆಯುತ್ತವೆ. ಜೊತೆಗೆ ಆಫೆನ್‌ಹೌಸರ್ ಅಥವಾ ಕ್ಲಿಫರ್ಡ್ ಸಂಸ್ಥೆಗಳು ಇದಕ್ಕೆಂದೇ ತಯಾರಿಸಿದ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಹಾಕಿದರೆ ತುದಿಯ ಎಲೆಗಳಿಗೂ ಬಡಿಸುವುದು ಸುಲಭವಾಗುತ್ತದೆ.

ಆದರೆ ಮರೆಯಬಾರದ ಸಂಗತಿಯೊಂದುಂಟು. ಪೆಟ್ರೋಲ್ ಆವಿಯಾಗುವಾಗ ಸುತ್ತಲ ಶಾಖವನ್ನು ಹೀರುತ್ತದೆ. ತೇವದ ಚಳಿಯಲ್ಲಿ ಕಾರ್ಬ್ಯುರೇಟರಿನ ಕಂಠದಲ್ಲಿ ಮಂಜುಗಡ್ಡೆಯೇ ಕಟ್ಟುವುದುಂಟು. ಕಾರ್ಖಾನೆಯವರು ಮ್ಯಾನಿಫೋಲ್ಡನ್ನು ಬಿಸಿಹೊಗೆಯ ಕೊಳವೆಗೆ ತಾಗಿಸಿ ಕಟ್ಟಿದ್ದರ ಉದ್ದೇಶ ಆ ಶಾಖವನ್ನು ಒದಗಿಸುವುದು. ಹೊಗೆಕೊಳವೆಯನ್ನೂ ಬದಲಿಸಿ ಇವೆರಡರ ನಂಟು ಕಡಿದವರು ಎಂಜಿನ್ನಿನ ಬಿಸಿನೀರನ್ನು ಮ್ಯಾನಿಫೋಲ್ಡಿನ ತಳಕ್ಕೆ ಹಾಯಿಸಬೇಕು. ಹಳೆಯದನ್ನು ಕಿತ್ತೆಸೆಯುವ ಮೊದಲು ಅದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವೇನು ಎಂದು ಕೇಳುವುದು ಒಳ್ಳೆಯದು.

ಇನ್ನೊಂದು ಮಾತು. ರೋಗವನ್ನು ಅರಿಯದೆ ಮದ್ದು ಕೊಡಬಾರದು. ಬಲಗುಂದಿದ ಎಂಜಿನ್ನಿನಲ್ಲಿ ತಪ್ಪು ಕಾರ್ಬ್ಯುರೇಟರಿನದೇ ಆಗಿರಬೇಕಿಲ್ಲ. ಕಿಡಿ ಹೊತ್ತು ಮೀರಿ ಹಾರುತ್ತಿರಬಹುದು, ಕವಾಟ ಸೋರುತ್ತಿರಬಹುದು, ಒಡೆದ ಗ್ಯಾಸ್ಕೆಟ್ಟಿನಿಂದ ಗಾಳಿ ಕಳ್ಳದಾರಿಯಲ್ಲಿ ನುಸುಳುತ್ತಿರಬಹುದು. ನಿರ್ವಾತ ಅಳೆಯುವ ಸಣ್ಣ ಮಾಪಕವೊಂದನ್ನು ಜೋಡಿಸಿದರೆ ಇದರಲ್ಲಿ ಬಹುಪಾಲು ತಿಳಿಯುತ್ತದೆ. ಸಮುದ್ರಮಟ್ಟದ ಊರುಗಳಲ್ಲಿ ಆರೋಗ್ಯವಂತ ಎಂಜಿನ್ ನಿಂತಲ್ಲೇ ಓಡುವಾಗ ಮುಳ್ಳು 17ರಿಂದ 21 ಇಂಚುಗಳ ನಡುವೆ ಅಲುಗದೆ ನಿಲ್ಲುತ್ತದೆ. ಕಾನೂನನ್ನೂ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯದಲ್ಲಿ 1976 ಮತ್ತು ಅನಂತರದ ಮಾದರಿಯ ಪೆಟ್ರೋಲ್ ವಾಹನಗಳು ಹೊಗೆಯ ಪರೀಕ್ಷೆಗೆ ಒಳಪಡುತ್ತವೆ. ಮನಬಂದ ಭಾಗ ಜೋಡಿಸುವಂತಿಲ್ಲ. ಒಬ್ಬನ ಎಂಜಿನ್ನಿನ ಉಸಿರು ಊರಿನವರೆಲ್ಲರ ಉಸಿರಿಗೂ ಸೇರಿದ್ದಲ್ಲವೇ?

ನಮ್ಮ ದೇಶದಲ್ಲಿಯೂ 2020ರ ಏಪ್ರಿಲಿನಿಂದ ಹೊಸ ಹೊಗೆನಿಯಮ ಬಂದ ಮೇಲೆ ಬೈಕು ಸ್ಕೂಟರುಗಳಲ್ಲಿ ಸಹ ಇಂಜೆಕ್ಷನ್ ವ್ಯವಸ್ಥೆ ಬಂದಿದೆ. ಕಾರ್ಬ್ಯುರೇಟರ್ ಮೆಲ್ಲನೆ ಮರೆಯಾಗುತ್ತಿದೆ. ಹೋದರೆ ಹೋಗಲಿ, ಅದು ಕಲಿಸಿದ ವಿವೇಕ ಹೋಗಬಾರದು. ಬಲ ಬರುವುದು ದೊಡ್ಡ ಬಾಯಿಯಿಂದಲ್ಲ, ಎದೆಗೆ ತಕ್ಕ ಉಸಿರಿನಿಂದ. ಆ ಬಡಗಿ ಕಡೆಗೆ ಕಾರ್ಬ್ಯುರೇಟರನ್ನು ಬದಲಿಸಿ 390ರದನ್ನು ಹಾಕಿದ. ಟ್ರಕ್ಕು ಮೊದಲಿಗಿಂತ ಬಹಳ ವೇಗವಾಗಿಯೇನೂ ಓಡಲಿಲ್ಲ. ಏರಿನಲ್ಲಿ ಹೊರೆ ಹೊತ್ತು ನಿಲ್ಲದೆ ನಡೆಯಿತು. ಹೆದ್ದಾರಿಯನ್ನು ತಡವರಿಸದೆ ದಾಟಿತು. ದುಡಿಯುವ ಯಂತ್ರದಿಂದ ನಾವು ಕೇಳಬೇಕಾದದ್ದು ಅಷ್ಟೇ.