ಇಂಡಿಯನ್ ಓಪನ್: ಭಾರತಕ್ಕೆ ಬಂದ ರ‍್ಯಾಂಕಿಂಗ್ ಸ್ನೂಕರ್

ಇಂಡಿಯನ್ ಓಪನ್ ವೃತ್ತಿಪರ ಸ್ನೂಕರ್ ಆಟಗಾರರ ರ‍್ಯಾಂಕಿಂಗ್ ಟೂರ್ನಿ. 2013ರಿಂದ 2019ರವರೆಗೆ ಇದು ಐದು ಸಲ ನಡೆಯಿತು. ಪ್ರತಿ ಸಲವೂ ಊರು ಬೇರೆ. ದೆಹಲಿ, ಮುಂಬಯಿ, ಹೈದರಾಬಾದ್, ವಿಶಾಖಪಟ್ಟಣ, ಕೊನೆಗೆ ಕೊಚ್ಚಿ. ಇವುಗಳಲ್ಲಿ ಮುಂಬಯಿ ಮತ್ತು ಹೈದರಾಬಾದ್ ಒಂದೇ ರೈಲುಹಾದಿಯ ಎರಡು ತುದಿಗಳು. ನಡುವೆ ಪುಣೆ, ಸೊಲ್ಲಾಪುರ, ಅಕ್ಕಲಕೋಟ ರೋಡ್, ಕಲಬುರಗಿ, ವಾಡಿ ಬರುತ್ತವೆ. ಹಾಗಾಗಿ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರಿಗೆ ಐದರಲ್ಲಿ ಎರಡು ಟೂರ್ನಿಗಳು ಒಂದು ರಾತ್ರಿಯ ಪ್ರಯಾಣದಷ್ಟೇ ದೂರದಲ್ಲಿದ್ದವು. ಆಟಗಾರರನ್ನು ಬೆಳೆಸಿದ ಬೆಂಗಳೂರಿಗೆ ಮಾತ್ರ ಈ ಟೂರ್ನಿ ಒಮ್ಮೆಯೂ ಬರಲಿಲ್ಲ.

ಸ್ನೂಕರ್ ಹುಟ್ಟಿದ್ದು ಭಾರತದಲ್ಲೇ. 1875ರಲ್ಲಿ ಜಬಲ್ಪುರದ ಸೇನಾ ಮೆಸ್‌ನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ ಬಿಲಿಯರ್ಡ್ಸ್ ಟೇಬಲ್ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿಸಿದನೆಂದು ಆಟದ ಚರಿತ್ರೆ ಹೇಳುತ್ತದೆ. ನಿಯಮಗಳು 1882ರಲ್ಲಿ ಊಟಿ ಕ್ಲಬ್ಬಿನಲ್ಲಿ ಗಟ್ಟಿಯಾದವು. ಅಷ್ಟಾಗಿಯೂ ಈ ನೆಲದಲ್ಲಿ ಮೊದಲ ರ‍್ಯಾಂಕಿಂಗ್ ಟೂರ್ನಿ ನಡೆಯಲು ಮುಂದಿನ ಶತಮಾನವೂ ಕಳೆಯಬೇಕಾಯಿತು.

ಟೇಬಲ್ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಚೆಂಡಿನ ಅಡ್ಡಳತೆ 52.5 ಮಿಲಿಮೀಟರ್. ಕೆಂಪು ಚೆಂಡು ಹದಿನೈದು, ಒಂದೊಂದಕ್ಕೆ ಒಂದು ಅಂಕ. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಒಂದು ಕೆಂಪು, ಒಂದು ಬಣ್ಣ ಎಂಬ ಸರದಿಯಲ್ಲಿ ಪಾಕೆಟ್ ಮಾಡಬೇಕು. ಹದಿನೈದು ಕೆಂಪಿನ ಜೊತೆಗೂ ಕಪ್ಪನ್ನೇ ಹಾಕಿದರೆ 120, ಉಳಿದ ಆರು ಬಣ್ಣಗಳಿಂದ 27, ಒಟ್ಟು 147. ಹೀಗೆ ಎಲ್ಲ ಚೆಂಡುಗಳೊಂದಿಗೆ ಆಡುವ ಒಂದು ಆಟವೇ ಫ್ರೇಮ್. ಲೆಕ್ಕ ಬಲ್ಲವರಿಗೆ ಫ್ರೇಮ್ ಮುಗಿಯುವ ಮೊದಲೇ ಫಲಿತಾಂಶ ತಿಳಿಯುತ್ತದೆ. ಟೇಬಲ್ ಮೇಲೆ ನಾಲ್ಕು ಕೆಂಪು ಉಳಿದಿವೆ ಎನ್ನೋಣ. ಅವುಗಳಿಂದ ಹೆಚ್ಚೆಂದರೆ 32, ಬಣ್ಣಗಳಿಂದ 27, ಕೂಡಿಸಿದರೆ 59. ಅರವತ್ತು ಅಂಕ ಹಿಂದಿರುವವನು ಎದುರಾಳಿಯಿಂದ ಫೌಲ್ ಮಾಡಿಸದೆ ಗೆಲ್ಲಲಾರ. ಆಗ ಹೊಡೆಯುವ ಬಿಳಿ ಚೆಂಡಾದ ಕ್ಯೂ ಬಾಲನ್ನು ಬೇರೊಂದು ಚೆಂಡಿನ ಮರೆಯಲ್ಲಿ ನಿಲ್ಲಿಸಿ ಎದುರಾಳಿಯನ್ನು ಕಟ್ಟಿಹಾಕಬೇಕು, ಇಲ್ಲವೇ ಕೈಕುಲುಕಿ ಫ್ರೇಮ್ ಬಿಟ್ಟುಕೊಡಬೇಕು. ಮೊದಲ ಸಲ ನೋಡುವವರಿಗೆ ಚೆಂಡುಗಳು ಇನ್ನೂ ಇರುವಾಗಲೇ ಆಟ ನಿಂತದ್ದು ವಿಚಿತ್ರವೆನಿಸುವುದು ಇಲ್ಲೇ.

ರ‍್ಯಾಂಕಿಂಗ್ ಪಟ್ಟಿ 1976ರಲ್ಲಿ ಶುರುವಾಯಿತು. ಮೊದಮೊದಲು ವಿಶ್ವ ಚಾಂಪಿಯನ್‌ಷಿಪ್ ಒಂದರ ಫಲಿತಾಂಶವನ್ನಷ್ಟೇ ಎಣಿಸುತ್ತಿದ್ದರು; 1982ರಿಂದ ಬೇರೆ ಟೂರ್ನಿಗಳೂ ಸೇರಿದವು. 2014ರಿಂದ ಅಂಕಗಳ ಬದಲು ಹಣವೇ ಅಳತೆಗೋಲು. ಆಟಗಾರ ಹಿಂದಿನ ಎರಡು ವರ್ಷ ರ‍್ಯಾಂಕಿಂಗ್ ಟೂರ್ನಿಗಳಲ್ಲಿ ಗೆದ್ದ ಬಹುಮಾನದ ಮೊತ್ತವೇ ಅವನ ಸ್ಥಾನವನ್ನು ನಿರ್ಧರಿಸುತ್ತದೆ. ಹೊಸ ಟೂರ್ನಿಯ ಹಣ ಸೇರಿದಂತೆ ಎರಡು ವರ್ಷ ಹಿಂದಿನದು ಉದುರಿಹೋಗುತ್ತದೆ. ಹೈದರಾಬಾದಿನಲ್ಲಿ 2016ರ ಜುಲೈನಲ್ಲಿ ಆಂಥೊನಿ ಮೆಕ್‌ಗಿಲ್ ಗೆದ್ದ 50,000 ಪೌಂಡ್, 2018ರ ಬೇಸಿಗೆ ಕಳೆಯುವಷ್ಟರಲ್ಲಿ ಅವರ ಲೆಕ್ಕದಿಂದ ಹೊರಬಿದ್ದಿತ್ತು. ಎಲ್ಲ ಹಣಕ್ಕೂ ಈ ಬೆಲೆಯಿಲ್ಲ: ಮೊದಲ ಹದಿನಾರು ಮಂದಿಯನ್ನು ಆಹ್ವಾನಿಸುವ ಮಾಸ್ಟರ್ಸ್ ಟೂರ್ನಿಯ ದೊಡ್ಡ ಬಹುಮಾನ ಪಟ್ಟಿಗೆ ಸೇರುವುದೇ ಇಲ್ಲ.

ಸೊಲ್ಲಾಪುರ ಸೀಮೆಯ ಜಾತ್ರೆಯ ಕುಸ್ತಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಜಾತ್ರೆಯಲ್ಲಿ ಪ್ರತಿ ಜೋಡಿಗೂ ಇನಾಮು ಗೊತ್ತುಮಾಡಿರುತ್ತಾರೆ. ಗೆದ್ದ ಪೈಲ್ವಾನ ಇನಾಮು ಪಡೆದು ಮನೆಗೆ ಹೋದರೆ ವ್ಯವಹಾರ ಮುಗಿಯಿತು. ಅವನ ಹೆಸರು ಜನರ ಬಾಯಲ್ಲಿ ಉಳಿಯುತ್ತದೆ, ಯಾವ ವಹಿಯಲ್ಲೂ ಅಲ್ಲ. ರ‍್ಯಾಂಕಿಂಗ್ ಸ್ನೂಕರ್‌ನಲ್ಲಿ ಗೆಲುವು ವಹಿಗೆ ಏರಿದಾಗಷ್ಟೇ ಪೂರ್ಣ. ಮುಂದಿನ ಟೂರ್ನಿಯಲ್ಲಿ ಎದುರಾಳಿ ಯಾರು, ಅರ್ಹತಾ ಸುತ್ತು ಆಡಬೇಕೆ, ಮುಂದಿನ ವರ್ಷ ಕೆಲಸವೇ ಇರುತ್ತದೆಯೆ ಎಂಬುದೆಲ್ಲ ಆ ವಹಿಯಿಂದಲೇ ತೀರ್ಮಾನವಾಗುತ್ತದೆ. ವೃತ್ತಿಪರ ಪ್ರವಾಸದಲ್ಲಿ, ಅಂದರೆ ವರ್ಷವಿಡೀ ನಡೆಯುವ ಟೂರ್ನಿಗಳ ಸರಣಿಯಲ್ಲಿ, ಸುಮಾರು 128 ಆಟಗಾರರಿರುತ್ತಾರೆ. ಸೀಸನ್ ಮುಗಿದಾಗ ಮೊದಲ 64ರೊಳಗೆ ಇದ್ದವರ ಕಾರ್ಡ್, ಅಂದರೆ ಅಲ್ಲಿ ಆಡುವ ಹಕ್ಕು, ಉಳಿಯುತ್ತದೆ. ಹೊಸಬರಿಗೆ ಕಾರ್ಡ್ ಸಿಗುವುದು ಎರಡು ವರ್ಷಕ್ಕೆ. ಪ್ರಯಾಣ, ವಸತಿ, ಊಟ ಎಲ್ಲವೂ ಆಟಗಾರನ ಸ್ವಂತ ಖರ್ಚು.

ಈ ಪದ್ಧತಿ ಶಿಕ್ಷಿಸುವುದು ಸೋಲಿಗಿಂತ ಹೆಚ್ಚಾಗಿ ಗೈರುಹಾಜರಿಯನ್ನು. ಭಾರತೀಯರ ಕಥೆ ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಪ್ರತಿಭೆಯ ಕೊರತೆ ಇಲ್ಲಿ ಎಂದೂ ಇರಲಿಲ್ಲ. ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ಕೋಲ್ಕತ್ತದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಓಂ ಅಗರವಾಲ್ 1984ರಲ್ಲಿ ಡಬ್ಲಿನ್‌ನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಪಡೆದರು. ಪುಣೆಯಲ್ಲೇ ಜನಿಸಿ ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಕೈಕೆಳಗೆ ಪಳಗಿದ ಪಂಕಜ್ ಆಡ್ವಾಣಿ 2003ರಲ್ಲಿ ಚೀನಾದಲ್ಲಿ ಅದೇ ಪ್ರಶಸ್ತಿ ಗೆದ್ದಾಗ ಅವರಿಗೆ ಹದಿನೆಂಟು ವರ್ಷ. ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28. ಆದರೆ ಇವು ಯಾವುವೂ ವೃತ್ತಿಪರ ಪಟ್ಟಿಯಲ್ಲಿ ಒಂದು ಪೌಂಡಿನ ಲೆಕ್ಕಕ್ಕೂ ಬರುವುದಿಲ್ಲ. ಆಡ್ವಾಣಿ 2012ರಲ್ಲಿ ವೃತ್ತಿಪರ ಪ್ರವಾಸ ಸೇರಿದರು, 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು, 2014ರಲ್ಲಿ ಕಾರ್ಡ್ ಬಿಟ್ಟು ಊರಿಗೆ ಮರಳಿದರು. ಬಿಲಿಯರ್ಡ್ಸ್, ಸ್ನೂಕರ್ ಎರಡನ್ನೂ ಬಿಡದವರು ಬ್ರಿಟನ್ನಿನಲ್ಲಿ ವರ್ಷವಿಡೀ ನೆಲೆಸಿ ಒಂದನ್ನೇ ಆಡುವುದು ಕಷ್ಟ. ಅವರ ನಿರ್ಧಾರವನ್ನು ಹಿಂಜರಿಕೆ ಎಂದು ಕರೆಯುವುದು ಅನ್ಯಾಯ.

ದೆಹಲಿಯಲ್ಲಿ 2013ರ ಅಕ್ಟೋಬರ್‌ನಲ್ಲಿ ನಡೆದ ಮೊದಲ ಇಂಡಿಯನ್ ಓಪನ್ ಭಾರತದ ಪಾಲಿಗೆ ಐದರಲ್ಲೂ ಶ್ರೇಷ್ಠವಾದದ್ದು. ಮುಂಬಯಿಯ ಆದಿತ್ಯ ಮೆಹ್ತಾ ಸೆಮಿಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಸ್ಟೀಫನ್ ಮ್ಯಾಗ್ವೈರ್ ಅವರನ್ನು 4–3ರಿಂದ ಮಣಿಸಿ, ರ‍್ಯಾಂಕಿಂಗ್ ಟೂರ್ನಿಯೊಂದರ ಫೈನಲ್ ತಲುಪಿದ ಮೊದಲ ಭಾರತೀಯರಾದರು. ಫೈನಲ್‌ನಲ್ಲಿ ಚೀನಾದ ಡಿಂಗ್ ಜುನ್‌ಹುಯಿ 5–0ರಿಂದ ಗೆದ್ದರು. ಡಿಂಗ್ ಆಗ ಉತ್ತುಂಗದಲ್ಲಿದ್ದರು: ಶಾಂಘೈ, ದೆಹಲಿ, ಮತ್ತೆ ಚೀನಾದ ಚೆಂಗ್ಡು, ಹೀಗೆ ಸಾಲಾಗಿ ಮೂರು ರ‍್ಯಾಂಕಿಂಗ್ ಪ್ರಶಸ್ತಿ ಅವರ ಪಾಲಾದವು.

ಮುಂಬಯಿಯಲ್ಲಿ 2015ರ ಮಾರ್ಚ್‌ನಲ್ಲಿ ವೇಲ್ಸ್‌ನ ಮೈಕಲ್ ವೈಟ್ ಇಂಗ್ಲೆಂಡಿನ ರಿಕಿ ವಾಲ್ಡನ್ ಅವರನ್ನು 5–0ರಿಂದ ಸೋಲಿಸಿದರು. ಹೈದರಾಬಾದಿನಲ್ಲಿ ಮೆಕ್‌ಗಿಲ್ ಗೆದ್ದದ್ದು ಕೈರನ್ ವಿಲ್ಸನ್ ವಿರುದ್ಧ, 5–2ರಿಂದ. ಮರುವರ್ಷ ವಿಶಾಖಪಟ್ಟಣದಲ್ಲಿ ಅದೇ ಮೆಕ್‌ಗಿಲ್ ಫೈನಲ್‌ನಲ್ಲಿ ಜಾನ್ ಹಿಗಿನ್ಸ್‌ಗೆ 1–5ರಿಂದ ಸೋತರು. ಕೊಚ್ಚಿಯಲ್ಲಿ 2019ರ ಮಾರ್ಚ್ 3ರಂದು ಮ್ಯಾಥ್ಯೂ ಸೆಲ್ಟ್ ಚೀನಾದ ಲ್ಯು ಹಾವ್‌ಟಿಯನ್ ಅವರನ್ನು 5–3ರಿಂದ ಗೆದ್ದರು. ವೈಟ್, ಮೆಕ್‌ಗಿಲ್, ಸೆಲ್ಟ್ ಮೂವರಿಗೂ ಇದು ಜೀವನದ ಮೊದಲ ರ‍್ಯಾಂಕಿಂಗ್ ಪ್ರಶಸ್ತಿ. ಪಂದ್ಯಗಳು ಚಿಕ್ಕವಿದ್ದದ್ದು ಇದಕ್ಕೆ ಒಂದು ಕಾರಣ. ಇಲ್ಲಿ ನಾಲ್ಕು ಫ್ರೇಮ್ ಗೆದ್ದರೆ ಮುಂದಿನ ಸುತ್ತು, ಫೈನಲ್‌ನಲ್ಲಿ ಐದು. ಶೆಫೀಲ್ಡ್‌ನ ವಿಶ್ವ ಫೈನಲ್‌ನಲ್ಲಿ ಹದಿನೆಂಟು ಫ್ರೇಮ್ ಗೆಲ್ಲಬೇಕು. ಆ ಉದ್ದದಲ್ಲಿ ಬಲಾಢ್ಯನಿಗೆ ಚೇತರಿಸಿಕೊಳ್ಳಲು ವೇಳೆಯಿರುತ್ತದೆ, ಏಳು ಫ್ರೇಮ್‌ಗಳ ಪಂದ್ಯದಲ್ಲಿ ಇರುವುದಿಲ್ಲ. ಹಣದ ಅಂತರವೂ ಅಷ್ಟೇ ದೊಡ್ಡದು: 2019ರಲ್ಲಿ ವಿಶ್ವ ಚಾಂಪಿಯನ್‌ಗೆ 5,00,000 ಪೌಂಡ್ ಸಿಕ್ಕಿತು, ಅದು ಕೊಚ್ಚಿಯ ಮೊದಲ ಬಹುಮಾನದ ಹತ್ತುಪಟ್ಟು.

ಭಾರತದಲ್ಲಿ ನಡೆದರೂ ಈ ಟೂರ್ನಿಯ ಅರ್ಹತಾ ಸುತ್ತುಗಳು ಹೆಚ್ಚಾಗಿ ಬ್ರಿಟನ್ನಿನಲ್ಲೇ ಮುಗಿಯುತ್ತಿದ್ದವು; ಸ್ಥಳೀಯರಲ್ಲಿ ಕೆಲವರಿಗೆ ವೈಲ್ಡ್ ಕಾರ್ಡ್ ಇತ್ತು. ಇಂಥ ಅವಕಾಶ ಪಡೆದವರಿಗೆ ಎದುರಾಳಿಯಷ್ಟೇ ಟೇಬಲ್ ಕೂಡ ಅಪರಿಚಿತ. ಜಿಲ್ಲಾ ಪಟ್ಟಣದ ಪಾರ್ಲರ್‌ನಲ್ಲಿ ಬಟ್ಟೆ ಸವೆದಿರುತ್ತದೆ, ಪಾಕೆಟ್ ಬಾಯಿ ಸಡಿಲ; ಸೋತವನು ಟೇಬಲ್ ಬಾಡಿಗೆ ಕೊಡುವುದು ಅಲ್ಲಿನ ರೂಢಿ. ಟೂರ್ನಿಯ ಟೇಬಲ್‌ಗೆ ಹೊಸ, ತೆಳು ಬಟ್ಟೆ. ಸ್ಲೇಟ್ ಹಾಸುಗಲ್ಲನ್ನು ಕೆಳಗಿನಿಂದ ಬೆಚ್ಚಗಿಟ್ಟು ತೇವ ಹೋಗಲಾಡಿಸುತ್ತಾರೆ. ಚೆಂಡು ವೇಗವಾಗಿ ಓಡುತ್ತದೆ, ಕುಷನ್ ಬದಿಗೆ ಒರಸಿಕೊಂಡು ಹೋದ ಚೆಂಡನ್ನು ಪಾಕೆಟ್ ಹೊರಗೆ ಉಗುಳುತ್ತದೆ. ಮುಂಬಯಿ, ಕೊಚ್ಚಿಯಂಥ ಕರಾವಳಿಯ ತೇವದ ಗಾಳಿಯಲ್ಲಿ ಈ ಹದ ಕಾಯುವುದು ಟೇಬಲ್ ಫಿಟ್ಟರ್‌ಗಳ ನಿತ್ಯದ ಪಾಡು.

ಚೀನಾದ ಜೊತೆಗಿನ ಹೋಲಿಕೆ ಭಾರತಕ್ಕೆ ಅನುಕೂಲಕರವಲ್ಲ. ಡಿಂಗ್ 2005ರಲ್ಲಿ ಬೀಜಿಂಗ್‌ನ ಚೀನಾ ಓಪನ್ ಫೈನಲ್‌ನಲ್ಲಿ ಸ್ಟೀಫನ್ ಹೆಂಡ್ರಿಯನ್ನು ಸೋಲಿಸಿದ ನಂತರ ಅಲ್ಲಿ ಟೂರ್ನಿಗಳು ಒಂದಕ್ಕೊಂದು ಸೇರುತ್ತ ಹೋದವು, ಹುಡುಗರು ತಂಡವಾಗಿ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ಇಲ್ಲಿ ಮೆಹ್ತಾ ಫೈನಲ್ ತಲುಪಿದರೂ ಹಿಂದೆ ಅಂಥ ಸಾಲು ಬೆಳೆಯಲಿಲ್ಲ. ಟೂರ್ನಿಗೂ ಸ್ಥಿರವಾದ ಊರಿಲ್ಲ, ಖಚಿತವಾದ ತಿಂಗಳಿಲ್ಲ: ಅಕ್ಟೋಬರ್, ಮಾರ್ಚ್, ಜುಲೈ, ಸೆಪ್ಟೆಂಬರ್, ಮತ್ತೆ ಮಾರ್ಚ್. ಯಾವ ಊರಿನ ಪ್ರೇಕ್ಷಕರಿಗೂ ಎರಡನೆಯ ಸಲ ಬರುವ ಅವಕಾಶ ಸಿಗಲಿಲ್ಲ. ಕೊಚ್ಚಿಯ ನಂತರದ ಸೀಸನ್‌ನ ವೇಳಾಪಟ್ಟಿಯಲ್ಲಿ ಇಂಡಿಯನ್ ಓಪನ್ ಇರಲಿಲ್ಲ.

ಕಾರ್ಡ್ ಗಳಿಸುವ ಹಾದಿ ಮಾತ್ರ ಈಗ ಸ್ವಲ್ಪ ಹತ್ತಿರವಾಗಿದೆ. ಏಷ್ಯಾ–ಓಷಿಯಾನಿಯಾ ಆಟಗಾರರಿಗಾಗಿ ಕ್ಯೂ ಸ್ಕೂಲ್ ಎಂಬ ಅರ್ಹತಾ ಟೂರ್ನಿ 2022ರಿಂದ ಬ್ಯಾಂಕಾಕ್‌ನಲ್ಲಿ ನಡೆಯುತ್ತಿದೆ. 2023ರಲ್ಲಿ ಮುಂಬಯಿಯ ಇಶ್‌ಪ್ರೀತ್ ಸಿಂಗ್ ಚಡ್ಡಾ ವೃತ್ತಿಪರ ಪ್ರವಾಸ ಸೇರಿದರು. ಪ್ರತಿ ಸೀಸನ್‌ಗೂ ಆಟಗಾರನಿಗೆ 20,000 ಪೌಂಡ್ ಗಳಿಕೆಯ ಖಾತರಿ ಕೊಡುವ ವ್ಯವಸ್ಥೆಯೂ ಅದಕ್ಕೆ ಸ್ವಲ್ಪ ಮೊದಲು ಬಂದಿತ್ತು.